ಆಲ್ಬೊಯಿನ್‌ನ ಇಟಲಿಗೆ ಬಣ್ಣ ಹಚ್ಚಿದ್ದು

ಆರನೇ ಶತಮಾನದಲ್ಲಿ ಇಟಲಿಗೆ ನುಗ್ಗಿದ ಜರ್ಮನಿಕ್ ಜನಾಂಗ ಲೊಂಬಾರ್ಡರ ರಾಜ ಆಲ್ಬೊಯಿನ್ ಅಂದರೆ ಮೊದಲು ನೆನಪಾಗುವುದು ಬುರುಡೆಯ ಬಟ್ಟಲು. 567ರಲ್ಲಿ ಅಲೆಮಾರಿ ಕುದುರೆ ಸವಾರರಾದ ಅವಾರರು ಮತ್ತು ಅವನು ಸೇರಿ ನೆರೆಯ ಜನಾಂಗವಾದ ಗೆಪಿಡರನ್ನು ಮುಗಿಸಿದರು. ಗೆಪಿಡರ ರಾಜ ಕುನಿಮುಂಡ್‌ನ ತಲೆಬುರುಡೆಯನ್ನು ಆಲ್ಬೊಯಿನ್ ಬಟ್ಟಲು ಮಾಡಿಸಿಕೊಂಡನಂತೆ. ಕುನಿಮುಂಡ್‌ನ ಮಗಳು ರೋಸಮುಂಡ್‌ಳನ್ನು ಮದುವೆಯಾದ. ನಾನು ಪಾಠ ಮಾಡುವ ಒಂಬತ್ತನೇ ತರಗತಿಯಲ್ಲಿ ನಾನೂ ಇದನ್ನೇ ಹೇಳಿದೆ. ಕೊನೆಗೆ ಒಬ್ಬ ಹುಡುಗಿ ಕೇಳಿದಳು: "ಸರ್, ಇಟಲಿ ಪೂರ್ತಿ ಇವರದ್ದೇ ಆಯ್ತಾ?"

ಆ ರಾತ್ರಿ ಇಟಲಿಯ ನಕ್ಷೆ ಬರೆಯಲು ಡ್ರಾಯಿಂಗ್ ಶೀಟ್ ಹರಡಿ ಕೂತೆ.

568ರ ಈಸ್ಟರ್ ಮುಗಿಯುತ್ತಲೇ ಇಡೀ ಜನ ಪನ್ನೋನಿಯಾ ಬಿಟ್ಟು ಹೊರಟಿತು. ಅಂದರೆ ಈಗಿನ ಹಂಗೇರಿಯ ಪಶ್ಚಿಮ ಭಾಗ. ಹೆಂಗಸರು, ಮಕ್ಕಳು, ಸಾಮಾನು ಎಲ್ಲವೂ ಜೊತೆಗೆ. ಮೊದಲು ಸಿಕ್ಕಿದ್ದು ಇಟಲಿಯ ಈಶಾನ್ಯ ಮೂಲೆಯ ಫ್ರಿಯೂಲಿ. ಅದನ್ನು ನೋಡಿಕೊಳ್ಳಲು ಆಲ್ಬೊಯಿನ್ ಸೋದರಳಿಯ ಗಿಸುಲ್ಫ್‌ನನ್ನು ಕರೆದ. ಅವನು ಸುಮ್ನೆ ಒಪ್ಪಲಿಲ್ಲ. ತನಗೆ ಬೇಕಾದ ಮನೆತನಗಳನ್ನು ತಾನೇ ಆರಿಸಿಕೊಂಡ. ಒಳ್ಳೆಯ ತಳಿಯ ಹೆಣ್ಣುಕುದುರೆಗಳನ್ನೂ ಕೇಳಿ ಪಡೆದ. ಸುಮಾರು ಇನ್ನೂರು ವರ್ಷದ ನಂತರ ಲೊಂಬಾರ್ಡರವನೇ ಆದ ಪಾಲ್ ದಿ ಡೀಕನ್ ಇದನ್ನು ಬರೆದಿಟ್ಟ. ನನಗೆ ಬಟ್ಟಲಿಗಿಂತ ಈ ಕುದುರೆಗಳೇ ಜಾಸ್ತಿ ಮುಖ್ಯ. ದೋಚಿಕೊಂಡು ವಾಪಸ್ ಹೋಗುವವರು ಮರಿ ಹಾಕುವ ಕುದುರೆ ಕೇಳುವುದಿಲ್ಲ, ಅಲ್ವಾ?

ಲೊಂಬಾರ್ಡರದ್ದು ಅಂತ ಇಟಲಿಗೆ ಪೂರ್ತಿ ಹಸಿರು ಬಳಿದುಬಿಟ್ಟೆ. ತಪ್ಪಾಯಿತು. ಹೊಸ ಹಾಳೆ ತೆಗೆದು ಒಂದೊಂದೇ ಊರಿನ ಪಕ್ಕ ಅದು ಅವರ ಕೈಸೇರಿದ ಇಸವಿ ಬರೆಯುತ್ತಾ ಹೋದೆ. ಮಿಲಾನ್ 569. ಪವಿಯಾ ಮೂರು ವರ್ಷದ ಮುತ್ತಿಗೆ ತಡೆದುಕೊಂಡು 572ರಲ್ಲಿ ಸೋತಿತು. ಉಳಿದ ಕಡೆ ಹೆಚ್ಚು ಎದುರಾಳಿಗಳೇ ಇರಲಿಲ್ಲ. ಇಟಲಿಯನ್ನು ಆಳುತ್ತಿದ್ದ ಗೋಥರಿಗೂ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗೂ 535ರಿಂದ ಸುಮಾರು ಇಪ್ಪತ್ತು ವರ್ಷ ನಡೆದ ಯುದ್ಧ, ಅದರ ಮೇಲೆ ಪ್ಲೇಗ್, ನಾಡನ್ನು ಹಿಂಡಿಹಾಕಿದ್ದವು. ಆದರೆ ರವೆನ್ನಾ, ರೋಮ್, ಜಿನೋವಾ, ನೇಪಲ್ಸ್ ಕಾನ್‌ಸ್ಟಾಂಟಿನೋಪಲ್ ಚಕ್ರವರ್ತಿಯ ಕೈಯಲ್ಲೇ ಉಳಿದವು. ಲೊಂಬಾರ್ಡರಿಗೆ ನೌಕಾಪಡೆ ಇರಲಿಲ್ಲ. ಬಂದರು ಇರುವ ಊರಿಗೆ ಹಡಗಿನಲ್ಲಿ ದವಸ ಬರುತ್ತಿದ್ದರೆ ಹೊರಗೆ ಕಾದು ಏನು ಮಾಡುವುದು? ಒಳನಾಡಿಗೆ ಹಸಿರು, ಈ ಊರುಗಳಿಗೆಲ್ಲ ಕೆಂಪು ಹಚ್ಚಿದೆ.

ಮರುದಿನ ನಕ್ಷೆಯನ್ನು ಗೋಡೆಗೆ ಹಾಕಿ ಕತೆ ಮುಂದುವರಿಸಿದೆ. 572ರಲ್ಲಿ ವೆರೋನಾದ ಅರಮನೆಯಲ್ಲಿ ಆಲ್ಬೊಯಿನ್‌ನ ಕೊಲೆಯಾಯಿತು. ಅದರ ಹಿಂದೆ ರೋಸಮುಂಡ್ ಮತ್ತು ರಾಜನ ಆಯುಧ ಹೊರುವ ಹೆಲ್ಮಿಕಿಸ್ ಇದ್ದರು. ಈಗ ಇಬ್ಬರೂ ಓಡಬೇಕು. ಎಲ್ಲಿಗೆ ಅಂತ ಕೇಳಿದೆ. ಹಿಂದಿನ ದಿನ ಪ್ರಶ್ನೆ ಕೇಳಿದ ಹುಡುಗಿಯೇ ಎದ್ದು ಬಂದಳು. ವೆರೋನಾದಿಂದ ಬೆರಳನ್ನು ಹಸಿರಿನ ಮೇಲೆ ನಿಧಾನವಾಗಿ ಎಳೆದು, ಹತ್ತಿರದ ಕೆಂಪು ಚುಕ್ಕೆಯ ಮೇಲೆ ಇಟ್ಟಳು. ರವೆನ್ನಾ.