ವಾಷರ್ ಡ್ರೈಯರ್ ಕೊಳ್ಳುವ ಮುನ್ನ: ಕಲಬುರಗಿ ಬಿಸಿಲು, ಬೋರ್ ನೀರು, 200 ಯೂನಿಟ್ ಲೆಕ್ಕ

ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಮಾಳಿಗೆ ಮೇಲೆ ಹಾಕಿದ ಜೀನ್ಸ್ ಎರಡು ತಾಸಿನಲ್ಲಿ ಹಪ್ಪಳದಂತೆ ಒಣಗುತ್ತದೆ. ಇಂಥ ಕಡೆ ಬಟ್ಟೆ ಒಣಗಿಸಲಿಕ್ಕೂ ಕರೆಂಟ್ ಸುಡಬೇಕೆ ಎನ್ನುವುದು ಅಂಗಡಿಗೆ ಹೋಗುವ ಮೊದಲೇ ಕೇಳಿಕೊಳ್ಳಬೇಕಾದ ಮಾತು. ಸ್ವಂತ ಮಾಳಿಗೆ ಇದ್ದವರಿಗೆ ನಮ್ಮ ಸಲಹೆ ನೇರ: ಒಗೆಯುವುದು, ಒಣಗಿಸುವುದು ಎರಡನ್ನೂ ಮಾಡುವ ವಾಷರ್ ಡ್ರೈಯರ್ ಬೇಡ. 1200ರಿಂದ 1400 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ವೇಗದಲ್ಲಿ ಹಿಂಡುವ ಒಳ್ಳೆಯ ಫ್ರಂಟ್ ಲೋಡ್ ಕೊಳ್ಳಿ, ಮಳೆಗಾಲಕ್ಕೆ ಫ್ಯಾನಿನ ಕೆಳಗೊಂದು ಸ್ಟ್ಯಾಂಡ್ ಇಡಿ.

ಆದರೆ ಮಾಳಿಗೆಯ ಹಕ್ಕಿಲ್ಲದ ಅಪಾರ್ಟ್‌ಮೆಂಟ್ ಮನೆ, ಸೇಡಂ, ವಾಡಿ, ಶಹಾಬಾದ್ ಕಡೆ ಸಿಮೆಂಟ್ ಇಲ್ಲವೆ ಕಲ್ಲಿನ ಧೂಳು ಹಗ್ಗದ ಮೇಲೇ ಕೂರುವ ಓಣಿ, ಹಸುಗೂಸು ಅಥವಾ ಹಾಸಿಗೆ ಹಿಡಿದ ಹಿರಿಯರಿರುವ ಮನೆ, ತೊಗರಿ ರಾಶಿ ಕಾಲದ ಧೂಳಿಗೆ ಉಬ್ಬಸ ಬರುವವರು, ಇವರಿಗೆ ಯಂತ್ರ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮುಂದಿನ ಮಾತು ಅಂಥವರಿಗಾಗಿ.

ಅಂಗಡಿಯಲ್ಲಿ ‘ಡ್ರೈಯರ್ ಇದೆ’ ಅಂದರೆ ಮೂರು ಅರ್ಥ ಇವೆ. ಸೆಮಿ ಆಟೋಮ್ಯಾಟಿಕ್ ಯಂತ್ರದ ಎರಡನೇ ಡಬ್ಬಿ ಬರೀ ಹಿಂಡುತ್ತದೆ. ಟಾಪ್ ಲೋಡ್‌ನ ‘ಏರ್ ಡ್ರೈ’ ಹಿಂಡುವಾಗ ಒಂದಿಷ್ಟು ಗಾಳಿ ಎಳೆದುಕೊಳ್ಳುತ್ತದೆ, ಅಷ್ಟೇ. ಹೀಟರ್ ಅಥವಾ ಹೀಟ್ ಪಂಪ್‌ನಿಂದ ಕಾದ ಗಾಳಿ ಹಾಯಿಸಿ ಮಡಚಿ ಇಡುವಷ್ಟು ಒಣಗಿಸುವುದು ಮಾತ್ರ ವಾಷರ್ ಡ್ರೈಯರ್. ಅದರ ಮೇಲೆ ಯಾವಾಗಲೂ ಎರಡು ತೂಕ ಬರೆದಿರುತ್ತದೆ, ಉದಾಹರಣೆಗೆ 8 ಕೆಜಿ ಒಗೆಯಲು, 5 ಕೆಜಿ ಒಣಗಿಸಲು. ನೀವು ನೋಡಬೇಕಾದ್ದು ಚಿಕ್ಕ ಅಂಕಿ. ಎಂಟು ಕೆಜಿ ತುಂಬಿ ಒಗೆದರೆ ನಡುವೆ ಬಾಗಿಲು ತೆಗೆದು ಮೂರು ಕೆಜಿ ಹೊರಗೆ ತೆಗೆಯಬೇಕು. ತೆಗೆಯದಿದ್ದರೆ ನಾಲ್ಕೈದು ತಾಸು ತಿರುಗಿದ ಮೇಲೂ ಬಟ್ಟೆ ಬಿಸಿಯಾಗಿ, ಹಸಿಯಾಗಿ, ಮುದುಡಿ ಬರುತ್ತದೆ. ‘ಡ್ರೈಯರ್ ಸರಿ ಇಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟರ ಮೂಲ ಇದೇ. ತೂಕದ ಅಂದಾಜು ಹೀಗಿಟ್ಟುಕೊಳ್ಳಿ: ಡಬಲ್ ಬೆಡ್‌ಶೀಟ್ 800 ಗ್ರಾಂನಿಂದ 1 ಕೆಜಿ, ಜೀನ್ಸ್ 700 ಗ್ರಾಂ, ದೊಡ್ಡ ಟವೆಲ್ 500 ಗ್ರಾಂ, ನೂಲಿನ ಸೀರೆ 500ರಿಂದ 600 ಗ್ರಾಂ, ಅಂಗಿ 200ರಿಂದ 250 ಗ್ರಾಂ. ಕೌದಿಯನ್ನು ಇದರೊಳಗೆ ತುರುಕುವ ಯೋಚನೆಯೇ ಬೇಡ. ನೀರು ಕುಡಿದ ಕೌದಿಯ ಭಾರಕ್ಕೆ ಬೇರಿಂಗ್ ಹೋಗುತ್ತದೆ.

ಕರೆಂಟ್ ಎಲ್ಲಿ ಹೋಗುತ್ತದೆ

ಒಂದು ಕೆಜಿ ನೀರನ್ನು ಆವಿ ಮಾಡಲು ಕನಿಷ್ಠ 0.7 ಯೂನಿಟ್ ಬೇಕು. ಯಾವ ಕಂಪನಿಯ ಹೀಟರ್ ಆದರೂ ಈ ಲೆಕ್ಕ ತಪ್ಪುವುದಿಲ್ಲ. ಹಾಗಾಗಿ ಹಿಂಡಿದ ಮೇಲೆ ಬಟ್ಟೆಯಲ್ಲಿ ಎಷ್ಟು ನೀರು ಉಳಿಯಿತು ಎಂಬುದೇ ಬಿಲ್ ನಿರ್ಧರಿಸುತ್ತದೆ. ನಾಲ್ಕು ಕೆಜಿ ನೂಲಿನ ಬಟ್ಟೆಯನ್ನು 800 ಆರ್‌ಪಿಎಂನಲ್ಲಿ ಹಿಂಡಿದರೆ ಹೆಚ್ಚುಕಡಿಮೆ 2.8 ಕೆಜಿ ನೀರು ಉಳಿಯುತ್ತದೆ, 1000ದಲ್ಲಿ 2.4, 1400ರಲ್ಲಿ 2 ಕೆಜಿ. ಯಂತ್ರದ ನಷ್ಟವನ್ನೂ ಸೇರಿಸಿದರೆ 1400ರಲ್ಲಿ ಹಿಂಡಿದ ಬಟ್ಟೆ ಒಣಗಲು 2ರಿಂದ 2.5 ಯೂನಿಟ್, 800ರಲ್ಲಿ ಹಿಂಡಿದ್ದಕ್ಕೆ 3ರ ಆಸುಪಾಸು. ಜೋರಾಗಿ ಹಿಂಡಲು ಮೋಟಾರ್ ಹೆಚ್ಚಿಗೆ ತಿನ್ನುವುದು 0.1 ಯೂನಿಟ್‌ಗಿಂತ ಕಡಿಮೆ. ಇಷ್ಟು ಅಗ್ಗದ ಉಳಿತಾಯ ಯಂತ್ರದಲ್ಲಿ ಇನ್ನೊಂದಿಲ್ಲ. 1400ಕ್ಕಿಂತ ಕಡಿಮೆ ಹಿಂಡುವ ವಾಷರ್ ಡ್ರೈಯರ್ ಎಷ್ಟೇ ಸೋವಿ ಸಿಕ್ಕರೂ ಬಿಡಿ.

ಹೀಟ್ ಪಂಪ್ ಇರುವ ಯಂತ್ರ ಅದೇ ಶಾಖವನ್ನು ಮತ್ತೆ ಮತ್ತೆ ಬಳಸುವುದರಿಂದ ಇದರ ಅರ್ಧದಷ್ಟರಲ್ಲಿ ಒಣಗಿಸುತ್ತದೆ. ಬೆಲೆ ಮಾತ್ರ ಬಹಳ ಹೆಚ್ಚು. ವರ್ಷಕ್ಕೆ 40 ಸಲ ಒಣಗಿಸುವ ಮನೆಯಲ್ಲಿ ಉಳಿಯುವುದು 50 ಯೂನಿಟ್ ಮಾತ್ರ. ಆ ಬೆಲೆ ಎಂದೂ ತಿರುಗಿ ಬರುವುದಿಲ್ಲ. ವಾರಕ್ಕೆ ಐದು ದಿನ ಒಣಗಿಸುವವರು ಮಾತ್ರ ಯೋಚಿಸಲಿ.

ಸ್ಟಾರ್ ಲೇಬಲ್ ನೋಡುವಾಗ ಎಚ್ಚರ. ಒಂದು ಕೆಜಿ ಬಟ್ಟೆಗೆ, ಒಂದು ಸುತ್ತಿಗೆ ಎಷ್ಟು ಯೂನಿಟ್, ಎಷ್ಟು ಲೀಟರ್ ನೀರು ಎಂದು ಅದರಲ್ಲಿ ಇರುತ್ತದೆ. ಅದು ಒಗೆಯುವ ಕೆಲಸದ ಲೆಕ್ಕ. ಐದು ಸ್ಟಾರ್ ಇದ್ದ ಮಾತ್ರಕ್ಕೆ ಒಣಗಿಸುವುದೂ ಅಗ್ಗ ಎಂದುಕೊಳ್ಳಬೇಡಿ. ಯಂತ್ರದ ಕೈಪಿಡಿಯ ಕೊನೆಯ ಪುಟಗಳಲ್ಲಿ ‘ವಾಶ್’ ಮತ್ತು ‘ವಾಶ್ ಆಂಡ್ ಡ್ರೈ’ ಎಂಬ ಎರಡು ಸಾಲು ಇರುತ್ತವೆ, ಅದನ್ನು ತೋರಿಸಿ ಎಂದು ಕೇಳಿ. ಯುರೋಪಿನ ಲೇಬಲ್ ಮೇಲೆ 2021ರಿಂದ ಎರಡೂ ಲೆಕ್ಕ ಬೇರೆಬೇರೆಯಾಗಿ, 100 ಸುತ್ತಿಗೆ ಇಷ್ಟು ಎಂದು ಬರುತ್ತಿವೆ. ‘ಇನ್ವರ್ಟರ್ ಮೋಟಾರ್’ ಎಂಬ ಸ್ಟಿಕ್ಕರ್ ಸದ್ದು ಕಡಿಮೆ ಮಾಡುತ್ತದೆ, ಬಾಳಿಕೆ ಹೆಚ್ಚಿಸುತ್ತದೆ. ಹೀಟರ್‌ಗೂ ಅದಕ್ಕೂ ಸಂಬಂಧವಿಲ್ಲ. ಮನೆಯ ಬ್ಯಾಟರಿ ಇನ್ವರ್ಟರ್ ಮೇಲೆ ಓಡುತ್ತದೆ ಎಂದೂ ಅದರ ಅರ್ಥವಲ್ಲ.

ಟಾಕಿಯ ನೀರು ಕಾದಾಗ

ಇದನ್ನು ಅಂಗಡಿಯವರು ಹೇಳುವುದಿಲ್ಲ. ಹಲವು ವಾಷರ್ ಡ್ರೈಯರ್‌ಗಳು ಬಟ್ಟೆಯಿಂದ ಎದ್ದ ಆವಿಯನ್ನು ತಣ್ಣೀರು ಹಾಯಿಸಿ ಮತ್ತೆ ನೀರಾಗಿಸುತ್ತವೆ. ಒಣಗಿಸುವ ಹೊತ್ತಿನಲ್ಲೂ ಹತ್ತಾರು ಲೀಟರ್ ಗಟಾರಕ್ಕೆ ಹೋಗುತ್ತದೆ. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಕರಿ ಟಾಕಿಯ ನೀರು ಕೈ ಸುಡುವಷ್ಟು ಕಾದಿರುತ್ತದೆ. ಆ ನೀರು ಆವಿಯನ್ನು ತಣಿಸದು, ಒಣಗುವ ಹೊತ್ತು ಬೆಳೆಯುತ್ತದೆ, ನೀರೂ ದಂಡ. ಹೀಗಾಗಿ ನೀರಿನ ಬದಲು ಗಾಳಿಯಿಂದ ಆವಿ ತಣಿಸುವ ‘ಏರ್ ಕಂಡೆನ್ಸಿಂಗ್’ ಮಾದರಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಒಣಗಿಸುವ ಕೆಲಸ ನಸುಕಿನಲ್ಲಿ ಹಚ್ಚಿ, ಆಗ ಟಾಕಿಯ ನೀರು ತಂಪಾಗಿರುತ್ತದೆ. ಒಗೆಯುವುದಕ್ಕೆ ಇದರ ತದ್ವಿರುದ್ಧ. ಹನ್ನೆರಡು ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್ ಬೇಕು. ಬೇಸಿಗೆ ಮಧ್ಯಾಹ್ನ ‘ಕೋಲ್ಡ್’ ಒತ್ತಿದರೂ ಸೂರ್ಯ ಬಿಟ್ಟಿಯಾಗಿ ಕಾಯಿಸಿದ ನೀರೇ ಒಳಗೆ ಬರುತ್ತದೆ.

200ರ ಗೆರೆ

ತಿಂಗಳಿಗೆ 200 ಯೂನಿಟ್‌ವರೆಗೆ ಬಿಟ್ಟಿ ಕರೆಂಟ್ ಕೊಡುವ ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿದ್ದು ಕಲಬುರಗಿಯಲ್ಲೇ. 2022-23ರ ತಿಂಗಳ ಸರಾಸರಿಗೆ ಶೇ. 10 ಸೇರಿಸಿ ನಿಮ್ಮ ಬಿಟ್ಟಿ ಪಾಲು ನಿಗದಿಯಾಗಿರುತ್ತದೆ. ಪಾಲು ಮೀರಿದರೆ ಮೀರಿದಷ್ಟಕ್ಕೆ ಹಣ, 200 ಮೀರಿದರೆ ಪೂರ್ತಿ ಬಿಲ್. ಸರಾಸರಿ 120 ಇದ್ದ ಮನೆಯ ಪಾಲು 132. ಅಲ್ಲಿ ತಿಂಗಳಿಗೆ 20 ಸಲ, ಒಗೆದು ಒಣಗಿಸಲು ಸಲಕ್ಕೆ 3 ಯೂನಿಟ್‌ನಂತೆ ಸೇರಿದರೆ 180 ಆಗುತ್ತದೆ. ಕಟ್ಟುವುದು 48 ಯೂನಿಟ್‌ಗೆ, ಯೂನಿಟ್ 7 ರೂಪಾಯಿ ಹಿಡಿದರೆ 336 ರೂ. ಅದೇ 170 ಸುಡುವ ಮನೆ 230ಕ್ಕೆ ಏರಿ ಗೆರೆ ದಾಟಿತೋ, 230ಕ್ಕೂ ಕಟ್ಟಬೇಕು: ಸುಮಾರು 1,610 ರೂ. ಕಳೆದ ಹನ್ನೆರಡು ಜೆಸ್ಕಾಂ ಬಿಲ್ ಹರಡಿಕೊಂಡು ಕೂತು ಈ ಲೆಕ್ಕ ಮಾಡಿ, ಆಮೇಲೆ ಅಂಗಡಿಗೆ ಹೋಗಿ. ಕೂಲರ್ ಓಡುವ ತಿಂಗಳುಗಳಲ್ಲಿ ಹಗ್ಗ, ಕೂಲರ್ ನಿಂತ ಮಳೆಗಾಲದಲ್ಲಿ ಡ್ರೈಯರ್ ಎಂದು ಇಟ್ಟುಕೊಂಡರೆ ಹಲವು ಮನೆಗಳು ಗೆರೆಯ ಒಳಗೇ ಉಳಿಯುತ್ತವೆ.

ಬೋರ್ ನೀರು

ಶಹಾಬಾದ್ ಪರಸಿ (ಹಾಸುಗಲ್ಲು) ಸಿಗುವ ನೆಲವೆಂದರೆ ಸುಣ್ಣಕಲ್ಲಿನ ನೆಲ, ಅದರೊಳಗಿನ ನೀರು ಗಡಸು, ಅಂದರೆ ಸುಣ್ಣದ ಅಂಶ ಹೆಚ್ಚು. ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎಂದು ಕುಡಿಯುವ ನೀರಿನ ಭಾರತೀಯ ಮಾನಕ ಹೇಳುತ್ತದೆ. 300 ದಾಟಿದ ನೀರಿನಲ್ಲಿ ಹೀಟರ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಷ್ಟೂ ನೀರು ಕಾಯುವುದು ತಡ, ಕೊನೆಗೆ ಹೀಟರ್ ಸುಡುತ್ತದೆ. ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಅಳೆಯುವ ಟಿಡಿಎಸ್ ಮೀಟರ್ ಗಡಸುತನವನ್ನಷ್ಟೇ ತೋರಿಸದು, ಅದಕ್ಕೆ ಬೇರೆ ಟೆಸ್ಟ್ ಪಟ್ಟಿ ಸಿಗುತ್ತದೆ. ನಳಕ್ಕೆ ಸಿಕ್ಕಿಸುವ ಚಿಕ್ಕ ಫಿಲ್ಟರ್ ಪೊರೆಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದರೆ ನೀರಿನ ಗಡಸು ತೆಗೆಯುವ, ಉಪ್ಪು ಹಾಕುವ ಸಾಫ್ಟ್ನರ್ ಬೇಕು. ಅದಿಲ್ಲದ ಮನೆಯಲ್ಲಿ ತಿಂಗಳು ಎರಡು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, ಸೋಪಿನ ಪುಡಿ ಹಾಕದೆ 60 ಡಿಗ್ರಿಯಲ್ಲಿ ಓಡಿಸಿ, ಆಮೇಲೆ ಒಂದು ಸಲ ಬರೀ ನೀರಲ್ಲಿ ಜಾಲಿಸಿ. ಬ್ಲೀಚ್ ಜೊತೆ ಎಂದೂ ಸೇರಿಸಬಾರದು, ವಿಷಗಾಳಿ ಏಳುತ್ತದೆ. ಬೋರ್ ನೀರಿನ ಮರಳು ಪೈಪಿನ ತುದಿಯ ಜಾಲರಿಯಲ್ಲಿ ಕೂರುವುದರಿಂದ ಹದಿನೈದು ದಿನಕ್ಕೊಮ್ಮೆ ನಳ ಬಂದ್ ಮಾಡಿ ತೊಳೆಯಿರಿ.

ನೀರಿನ ಒತ್ತಡವೂ ನೋಡಿ. ಟಾಕಿ ಒಂದು ಮೀಟರ್ ಎತ್ತರದಲ್ಲಿ ಇದ್ದರೆ 0.1 ಬಾರ್ (ಒತ್ತಡದ ಅಳತೆ) ಸಿಗುತ್ತದೆ. ಕೈಪಿಡಿ 0.5 ಬಾರ್ ಕೇಳಿದರೆ ಟಾಕಿಯ ನೀರಿನ ಮಟ್ಟ ಯಂತ್ರದ ನಳಕ್ಕಿಂತ 5 ಮೀಟರ್ ಮೇಲಿರಬೇಕು. ಒಂದೇ ಅಂತಸ್ತಿನ ಮನೆಯಲ್ಲಿ ಇದು ಸಿಗುವುದು ಕಷ್ಟ. ‘ನೀರು ಬರುತ್ತಿಲ್ಲ’ ಎಂಬ ಎರರ್ ಬಂದು ನಿಂತರೆ ಯಂತ್ರವನ್ನು ಬಯ್ಯಬೇಡಿ, ಟಾಕಿಗೆ ಕಟ್ಟೆ ಕಟ್ಟಿ ಇಲ್ಲವೆ ಪ್ರೆಶರ್ ಪಂಪ್ ಹಾಕಿಸಿ.

ಕೂರಿಸುವಾಗ

ಯಂತ್ರ ಸುಮಾರು 2,000 ವ್ಯಾಟ್ ಎಳೆಯುತ್ತದೆ. 16 ಆಂಪಿಯರ್ ಪ್ಲಗ್, ಬೋರ್ಡಿನಿಂದ ನೇರ 2.5 ಚದರ ಮಿಲಿಮೀಟರ್ ತಾಮ್ರದ ವೈರ್ (20 ಮೀಟರಿಗಿಂತ ದೂರವಿದ್ದರೆ 4), ಪ್ರತ್ಯೇಕ ಎಂಸಿಬಿ (ಲೋಡ್ ಮೀರಿದರೆ ಬೀಳುವ ಸ್ವಿಚ್), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಬೇಕು. ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ ಸಿಕ್ಕಿಸಿದರೆ ಪಿನ್ ಕಾದು ಕರಗಬಹುದು. ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ಹೀಟರಿನ ಶಾಖ ಮೂರನೇ ಒಂದು ಭಾಗ ಕಡಿಮೆಯಾಗಿ ಒಣಗುವುದು ಎಳೆಯುತ್ತದೆ. ಹಳ್ಳಿ ಕಡೆ ಸಂಜೆ ಹೊತ್ತು ಹಚ್ಚದಿರುವುದು ಮೇಲು. ಎರಿ ಮಣ್ಣು ಬೇಸಿಗೆಗೆ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿ ಒಣಗಿ ಕೆಲಸ ಬಿಡುತ್ತದೆ, ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ.

ಹಿಂಬದಿಯ ಸಾಗಾಟದ ಬೋಲ್ಟ್‌ಗಳನ್ನು ತೆಗೆಸಿದ್ದೀರಾ ನೋಡಿ. ಮರೆತರೆ ಮೊದಲ ಸಲ ಹಿಂಡುವಾಗಲೇ ಯಂತ್ರ ಕುಣಿಯುತ್ತದೆ. ಪರಸಿ ನೆಲ ಒಂದೇ ಮಟ್ಟ ಇರುವುದು ಅಪರೂಪ, ಗಾರೆಯವರ ಮಟ್ಟಗೋಲು ಇಟ್ಟೇ ಕಾಲು ತಿರುಗಿಸಿ. ಅಡಿಯಲ್ಲಿ ಇಲಿ ಜಾಲರಿ ಹಾಕಿಸಿ. ಮಾಳಿಗೆಯ ತಗಡಿನ ಶೆಡ್ಡಿನಲ್ಲಿ ಇಡಬೇಡಿ, ಅಲ್ಲಿನ ಜಳಕ್ಕೆ ಯಂತ್ರದೊಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಉಳಿಯದು. ಬೀದರಿನವರು ಹೈದರಾಬಾದಿನಿಂದ ತರುವುದಿದ್ದರೆ ಕೂರಿಸಲು, ಆಮೇಲೆ ರಿಪೇರಿಗೆ ಊರಲ್ಲೇ ಮಂದಿ ಇದ್ದಾರೆಯೇ ಎಂದು ಮೊದಲೇ ಕೇಳಿ. ರೇಷ್ಮೆ ಸೆರಗಿನ ಇಳಕಲ್ ಸೀರೆ, ಫೋಮ್ ಇರುವ ಬಟ್ಟೆ ಡ್ರೈಯರ್‌ಗೆ ಬೇಡ. ಎಣ್ಣೆ ಕುಡಿದ ಅಡುಗೆಮನೆ ಅರಿವೆಯಂತೂ ಬೇಡವೇ ಬೇಡ, ಒಗೆದರೂ ಉಳಿದ ಎಣ್ಣೆ ಬಿಸಿಗೆ ತಾನೇ ಹೊತ್ತಿಕೊಳ್ಳಬಹುದು.

ಕೂರಿಸಿದ ದಿನವೇ, ಮೆಕ್ಯಾನಿಕ್ ಮನೆಯಲ್ಲಿದ್ದಾಗ ಒಂದು ಪರೀಕ್ಷೆ ಹಚ್ಚಿ. ಒಣ ನೂಲಿನ ಬಟ್ಟೆ ಸರಿಯಾಗಿ 4 ಕೆಜಿ ತೂಗಿ ಹಾಕಿ, 1400ರಲ್ಲಿ ಹಿಂಡಿಸಿ ತೆಗೆದು ಮತ್ತೆ ತೂಗಿ. ಆರು, ಆರೂಕಾಲು ಕೆಜಿ ಬಂದರೆ ಸರಿ. ಏಳರ ಹತ್ತಿರ ಬಂದರೆ ಯಂತ್ರ ಪೂರ್ತಿ ವೇಗ ಮುಟ್ಟುತ್ತಿಲ್ಲ, ಮಟ್ಟ ತಪ್ಪಿರಬೇಕು, ಆಗಲೇ ಸರಿ ಮಾಡಿಸಿ. ಆಮೇಲೆ ಮನೆಯ ಉಳಿದೆಲ್ಲ ಬಂದ್ ಮಾಡಿ, ಮೀಟರ್ ಅಂಕಿ ಬರೆದುಕೊಂಡು ಅದೇ ಬಟ್ಟೆ ಒಣಗಿಸಿ. ಮೀಟರ್ 3 ಯೂನಿಟ್‌ಗಿಂತ ಹೆಚ್ಚು ಓಡಿದ್ದರೆ ಆ ಅಂಕಿಯನ್ನು ಕೂರಿಸಿದ ಚೀಟಿಯ ಮೇಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ.