ಮೀನಿನ ಉಂಡೆಗೆ ಕುರಿ ರಕ್ತದ ಕಾವಲು

ಹಿರಿಯೂರಿನಲ್ಲಿ ಜಿಲೇಬಿ ಮೀನು ಅಗ್ಗ. ವಾಣಿವಿಲಾಸ ಸಾಗರದ್ದು. ಅದನ್ನು ಅರೆದು ಉಂಡೆ ಮಾಡಿ ಮಾರಲು ಹೊರಟವನು ನಾನು. ಮುಳ್ಳು ತೆಗೆದು, ತಣ್ಣೀರಲ್ಲಿ ತೊಳೆದು, ಹಿಂಡಿ, 100 ಗ್ರಾಂಗೆ ಎರಡೂವರೆ ಗ್ರಾಂ ಉಪ್ಪು ಹಾಕಿ ರುಬ್ಬಿದರೆ ಒಳ್ಳೆ ಅಂಟು ಬರುತ್ತಿತ್ತು. ತಕರಾರು ಶುರುವಾಗುತ್ತಿದ್ದದ್ದು ಬೇಯಿಸುವಾಗ. ಉಂಡೆಗೆ ಪುಟಿತವೇ ಇಲ್ಲ, ಬಾಯಲ್ಲಿಟ್ಟರೆ ಪುಡಿಪುಡಿ.

ಕಳ್ಳ ಮೀನಿನೊಳಗೇ ಇದ್ದಾನೆ. ಮಾಂಸದಲ್ಲಿರುವ ಕೆಲವು ಕಿಣ್ವಗಳು 50ರಿಂದ 70 ಡಿಗ್ರಿ ಬಿಸಿಯಲ್ಲಿ ಚುರುಕಾಗಿ, ಬಿಗಿ ಕೊಡುವ ಮಯೋಸಿನ್ ಪ್ರೋಟೀನನ್ನು ತುಂಡರಿಸುತ್ತವೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಸುರಿಮಿ, ಅಂದರೆ ತೊಳೆದು ಅರೆದ ಮೀನಿನ ಹಿಟ್ಟು, ಮಾಡುವ ಕಾರ್ಖಾನೆಗಳು ಇದಕ್ಕೆ ದನದ ರಕ್ತದ ಪ್ಲಾಸ್ಮಾ (ಕಣಗಳನ್ನು ಬೇರ್ಪಡಿಸಿದ ತಿಳಿ) ಪುಡಿ ಹಾಕುತ್ತಿದ್ದವು. ಹುಚ್ಚು ಹಸು ರೋಗದ ಭಯ ಬಂದ ಮೇಲೆ ಅದು ಕಡಿಮೆಯಾಯಿತು. ಪ್ಲಾಸ್ಮಾದಲ್ಲಿ ಆಲ್ಫಾ-2-ಮ್ಯಾಕ್ರೋಗ್ಲಾಬ್ಯುಲಿನ್ ಅಂತ ಒಂದು ದೊಡ್ಡ ಪ್ರೋಟೀನ್ ಇದೆ. ಕಿಣ್ವ ಅದಕ್ಕೆ ಬಾಯಿ ಹಾಕಿದ್ದೇ ತಡ, ಇಲಿಬೋನಿನ ಹಾಗೆ ಮುಚ್ಚಿಕೊಳ್ಳುತ್ತದೆ.

ನಮ್ಮ ಜಿಲ್ಲೆಯಲ್ಲಿ ಕುರಿಗೇನು ಬರವೇ? ಪರಿಚಯದ ಮಟನ್ ಅಂಗಡಿಗೆ ಹೋಗಿ, "ಅಣ್ಣಾ, ರಕ್ತ ಹೆಪ್ಪುಗಟ್ಟಬಾರದು" ಅಂದೆ. "ಪಲ್ಯಕ್ಕೆ ಹೆಪ್ಪುಗಟ್ಟಿದ್ದೇ ಬೇಕಲ್ವಾ?" ಅಂತ ನಕ್ಕರು. ಹೆಪ್ಪುಗಟ್ಟುವುದನ್ನು ತಡೆಯುವ 3.8 ಶೇಕಡಾ ಸೋಡಿಯಂ ಸಿಟ್ರೇಟ್ ನೀರು ಒಂದು ಪಾಲು ಇದ್ದ ಡಬ್ಬಿಗೆ ಒಂಬತ್ತು ಪಾಲು ರಕ್ತ ಹಿಡಿಸಿದೆ. ಮನೆಗೆ ತಂದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದೆ. ಹಾಲಿನ ಜಿಡ್ಡು ನೋಡುವ ಹಳೇ ಯಂತ್ರ ಅದು, ಈಗ ಹಾಲಿಗೆ ಬಳಸುವುದಿಲ್ಲ ಬಿಡಿ. ಕೆಂಪು ತಳಕ್ಕಿಳಿದು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಂತಿತು, ಅದೇ ಪ್ಲಾಸ್ಮಾ. ರುಬ್ಬುವಾಗ ಐಸ್ ನೀರಿನ ಬದಲು ಅದನ್ನೇ ಹಾಕಿದೆ, 100 ಗ್ರಾಂ ಮೀನಿನ ಹಿಟ್ಟಿಗೆ 10 ಗ್ರಾಂ.

ಪರೀಕ್ಷೆಗೆ ಬೇಕಂತಲೇ ಕೆಟ್ಟ ದಾರಿ ಹಿಡಿದೆ. ಪ್ಲಾಸ್ಮಾ ಹಾಕಿದ್ದು, ಹಾಕದ್ದು, ಎರಡನ್ನೂ 60 ಡಿಗ್ರಿ ನೀರಲ್ಲಿ ಅರ್ಧ ಗಂಟೆ ಇಟ್ಟು, ಆಮೇಲೆ 90 ಡಿಗ್ರಿಯಲ್ಲಿ ಬೇಯಿಸಿದೆ. ಆರಿದ ಮೇಲೆ 3 ಮಿಲಿಮೀಟರ್ ದಪ್ಪದ ಬಿಲ್ಲೆ ಕೊಯ್ದು ಮಡಚಿದೆ. ಹಾಕದ್ದು ಬೆರಳು ಒತ್ತುತ್ತಿದ್ದಂತೆ ಸೀಳಿ ಎರಡಾಯಿತು. ಹಾಕಿದ್ದನ್ನು ನಾಲ್ಕು ಮಡಿಕೆ ಮಾಡಿದರೂ ಅಂಚಿನಲ್ಲಿ ಸಣ್ಣ ಬಿರುಕು ಅಷ್ಟೇ. ಬಣ್ಣ ಮಾತ್ರ ಸ್ವಲ್ಪ ಮಂಕು.

ಆದರೂ ಮಾರುವ ಉಂಡೆಗೆ ನಾನು ರಕ್ತ ಹಾಕಲಿಲ್ಲ. ಮೀನು ತಿಂದು ಕುರಿ ಮುಟ್ಟದವರೂ ಇರುತ್ತಾರೆ. ಹೇಳದೆ ಹಾಕುವುದು ಮೋಸ, ಹೇಳಿದರೆ ಯಾರೂ ಕೊಳ್ಳುವುದಿಲ್ಲ. ಈಗ ಮೊಟ್ಟೆಯ ಬಿಳಿ ಹಾಕುತ್ತೇನೆ, ಅದರಲ್ಲೂ ಕಿಣ್ವ ತಡೆಯುವ ಪ್ರೋಟೀನ್‌ಗಳಿವೆ. ಜಾಸ್ತಿಯಾದರೆ ಮೊಟ್ಟೆ ವಾಸನೆ ಹೊಡೆಯುತ್ತದೆ. ಉಂಡೆ ಚಿಕ್ಕದು ಮಾಡಿ, ಕುದಿಯುವ ನೀರಿಗೇ ಬಿಡುತ್ತೇನೆ. 50ರಿಂದ 70ರ ಹಾದಿ ಬೇಗ ದಾಟಿಬಿಡಬೇಕು.