ಹುಳ ಅಂದ್ರೆ ಯಾವ ಹುಳ? ಕಾಲು ಎಣಿಸಿ ನೋಡಿ

ನಮ್ಮಜ್ಜಿ ಕತ್ತಲಾದ್ಮೇಲೆ ಹಾವು ಅನ್ನೋ ಮಾತೇ ಎತ್ತುತಿರ್ಲಿಲ್ಲ, "ಕೊಟ್ಟಿಗೆ ಹತ್ರ ಹುಳ ಇದ್ಯಂತೆ, ಬ್ಯಾಟರಿ ಹಿಡ್ಕೊಂಡು ಹೋಗು" ಅಂತಿದ್ರು. ಅಕ್ಕಿ ಡಬ್ಬದಲ್ಲಿರೋದೂ ಹುಳ, ಮಕ್ಕಳ ಹೊಟ್ಟೇಲಿರೋದು ಜಂತುಹುಳ, ತೋಟದಲ್ಲಿ ಎರೆಹುಳ, ಮಳೆಗಾಲದಲ್ಲಿ ಕಾಂಪೌಂಡ್ ಹತ್ತೋದು ಬಸವನಹುಳ, ಚರ್ಮದ ಮೇಲೆ ಉಂಗುರದ ಥರ ಏಳೋದು ಹುಳಕಡ್ಡಿ. ಈ ಕೊನೇದಂತೂ ಪ್ರಾಣೀನೇ ಅಲ್ಲ, ಶಿಲೀಂಧ್ರ, ಅಣಬೆ ಕಡೆ ನೆಂಟ. ಉಳಿದ 5 ಪ್ರಾಣಿಗಳೂ ಒಂದೊಂದು ಬೇರೆ ಫೈಲಮ್ಮು (ಪ್ರಾಣಿಗಳನ್ನ ವಿಂಗಡಿಸೋ ದೊಡ್ಡ ದೊಡ್ಡ ಗುಂಪು), ಅಂದ್ರೆ ಹಾವಿಗೂ ಬಸವನಹುಳಕ್ಕೂ ಎಷ್ಟು ದೂರವೋ ಜಂತುಹುಳಕ್ಕೂ ಎರೆಹುಳಕ್ಕೂ ಸುಮಾರು ಅಷ್ಟೇ ದೂರ.

ಅಕ್ಕನ ಮಗಳಿಗೆ ಸ್ಕೂಲಲ್ಲಿ ಮನೆ ಸುತ್ತಮುತ್ತ ಇರೋ 10 ಜೀವಿ ಹುಡುಕಿ ವರ್ಗೀಕರಣ ಮಾಡ್ಕೊಂಡು ಬಾ ಅಂದಿದ್ರು, ಅವಳ ಜೊತೆ ನಾನೂ ಎರಡು ಸಂಜೆ ಕೂತೆ, ಆಗ ಕಲಿತ ದಾರಿ ಇದು.

ಬೇಕಾಗೋದು ಒಂದು ಗಾಜಿನ ಲೋಟ, ಒಂದು ದಪ್ಪ ರಟ್ಟು, ಫೋನ್ ಕ್ಯಾಮೆರಾ. ಜೀವಿ ಮೇಲೆ ಲೋಟ ಕವುಚಿ, ರಟ್ಟು ಮೆಲ್ಲಗೆ ಕೆಳಗೆ ತೂರಿಸಿ, ಝೂಮ್ ಮಾಡಿ ಫೋಟೋ ತೆಗೀರಿ. ಓಡಾಡೋದರ ಕಾಲು ಎಣಿಸೋಕಾಗಲ್ಲ, ಫೋಟೋದಲ್ಲಿ ಎಣಿಸಿ. ಚೇಳು, ಝರಿ ಸಿಕ್ಕಿದ್ರೆ ಲೋಟ ಗೀಟ ಬೇಡ, ದೂರದಿಂದ್ಲೇ ಫೋಟೋ ಸಾಕು.

ಮೊದಲ ಪ್ರಶ್ನೆ, ಬೆನ್ನುಮೂಳೆ ಇದೆಯಾ? ಹಲ್ಲಿ, ಕಪ್ಪೆ, ಬಾವಲಿ, ಹಾವು ಇಲ್ಲೇ ಬೇರೆ ಆಗ್ಬಿಡ್ತವೆ. ಇಲ್ಲ ಅಂದ್ರೆ ಮುಂದಿನ ಪ್ರಶ್ನೆ, ಮಡಚೋ ಗಂಟಿರೋ ಕಾಲು, ಮೈಮೇಲೆ ಗಟ್ಟಿ ಕವಚ ಇದೆಯಾ? ಎರಡೂ ಇಲ್ದೆ ಮೈಯೆಲ್ಲ ಬಳೆ ಬಳೆ ಜೋಡಿಸಿದ ಹಾಗಿದ್ರೆ ಎರೆಹುಳ, ಇಂಬಳದ ಗುಂಪು. ಮೆತ್ತನೆ ಮೈ, ಬೆನ್ನ ಮೇಲೆ ಚಿಪ್ಪು ಇದ್ರೆ ಬಸವನಹುಳ, ಅದರ ದೊಡ್ಡಪ್ಪನ ಮಕ್ಕಳು ಸಮುದ್ರದ ಆಕ್ಟೋಪಸ್‌ಗಳು, ನಂಬಿದ್ರೆ ನಂಬಿ.

ಗಂಟಿನ ಕಾಲು ಇದ್ರೆ ಎಣಿಸೋದೇ ಕೆಲಸ. 6 ಕಾಲಿದ್ದು ಮೈ ಮೂರು ಭಾಗ ಆಗಿದ್ರೆ ಕೀಟ: ಇರುವೆ, ಜಿರಲೆ, ಸೊಳ್ಳೆ, ಹೇನು. 8 ಇದ್ರೆ ಜೇಡ, ಚೇಳು, ಉಣುಗಿನ ಮನೆತನ, ಅಂದ್ರೆ ಜೇಡ ಕೀಟ ಅಲ್ಲ, ಎಷ್ಟು ಜನ ದೊಡ್ಡೋರಿಗೇ ಇದು ಗೊತ್ತಿಲ್ಲ. 10 ಇದ್ರೆ ಏಡಿ, ಸಿಗಡಿ. ಎಣಿಸಿ ಸಾಕಾಗೋಷ್ಟು ಇದ್ರೆ ಮೈಯ ಒಂದೊಂದು ತುಂಡು ನೋಡಿ, ತುಂಡಿಗೆ ಒಂದು ಜೊತೆ ಆದ್ರೆ ಝರಿ, ಎರಡು ಜೊತೆ ಆದ್ರೆ ಮುಟ್ಟಿದ ತಕ್ಷಣ ಸುರುಳಿ ಸುತ್ತಿಕೊಳ್ಳೋ ಚೋರಟೆ.

ಎಡವೋದೂ ಇಲ್ಲೇ. ಏಡಿಯ ಮುಂದಿನ ಇಕ್ಕಳ ಕಾಲಿನ ಲೆಕ್ಕಕ್ಕೆ ಬರತ್ತೆ, ಚೇಳಿನ ಮುಂದಿನ ಇಕ್ಕಳ ಬರಲ್ಲ, ಅದು ಬಾಯಿ ಪಕ್ಕದ ಬೇರೆ ಅಂಗ. ರಾಮನಗರದ ಮಾರ್ಕೆಟ್ಟಿಗೆ ಗೂಡು ಕಟ್ಟಿಕೊಡೋ ರೇಷ್ಮೆಹುಳಕ್ಕೆ 16 ಕಾಣ್ತವೆ, ನಿಜವಾದ ಕಾಲು ಎದೆ ಹತ್ರ ಇರೋ 3 ಜೊತೆ ಮಾತ್ರ, ಹಿಂದಿನವು ಎಲೆ ಹಿಡ್ಕೊಳ್ಳೋಕೆ ಇರೋ ಮಾಂಸದ ಮೊಟಕುಗಳು, ಪತಂಗ ಆದ್ಮೇಲೆ ಇರಲ್ಲ. ಉಣುಗಂತೂ ಮಹಾ ಮೋಸ, ಮೊಟ್ಟೆಯಿಂದ ಬಂದಾಗ 6 ಕಾಲು, ಒಂದ್ಸಲ ಪೊರೆ ಬಿಟ್ಟ ಮೇಲೆ 8. ಮಲೆನಾಡಿನೋರಿಗೆ ಇದು ಬರೀ ಹೋಂವರ್ಕ್ ಅಲ್ಲ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾದ ಮಂಗನ ಕಾಯಿಲೆ ಹರಡೋದು ಉಣುಗಿನಿಂದಾನೇ.

ಗುಂಪು ಗೊತ್ತಾಯ್ತಾ, ಈಗ ಒಳಗಿನ ಪ್ಲಂಬಿಂಗ್ ನೋಡಿ, ನನಗೆ ಜಾಸ್ತಿ ಮಜಾ ಬಂದಿದ್ದು ಇಲ್ಲಿ. ಲೋಟದೊಳಗೆ ಒಂದು ಕಂದು ಜಿರಲೆ ಅಂಗಾತ ಬಿದ್ದಿತ್ತು. ಅದರ ಹೆಸರಲ್ಲಿ ಅಮೆರಿಕಾನಾ ಅಂತಿದೆ, 1758ರಲ್ಲಿ ಜೀವಿಗಳಿಗೆ ಹೆಸರಿಡೋ ಪದ್ಧತಿ ತಂದ ವಿಜ್ಞಾನಿ ಲಿನೇಯಸ್ ಇಟ್ಟಿದ್ದು, ಆದ್ರೆ ಅದರ ತವರು ಆಫ್ರಿಕಾ, ಹೆಸರು ನಂಬ್ಕೊಂಡ್ರೆ ಕೆಟ್ಟಿರಿ. ಪಕ್ಕೆಲುಬಿನ ಜಾಗದಲ್ಲಿ ಸಣ್ಣ ಸಣ್ಣ ತೂತು, ಒಟ್ಟು 10 ಜೊತೆ, ಅದು ಉಸಿರಾಡೋದು ಅವುಗಳಿಂದ. ಗಾಳಿ ಕೊಳವೇಲಿ ನೇರವಾಗಿ ಮೈಯೆಲ್ಲ ಹೋಗತ್ತೆ, ಆಕ್ಸಿಜನ್ ಹೊರೋ ಕೆಲಸ ರಕ್ತಕ್ಕೆ ಇಲ್ವೇ ಇಲ್ಲ, ಅದಕ್ಕೇ ಚಪ್ಪಲೀಲಿ ಹೊಡೆದ್ರೆ ಕೆಂಪು ಬರಲ್ಲ. ತಲೆ ಹೋದ್ರೂ ಸುಮಾರು ಒಂದು ವಾರ ಬದುಕೋದೂ ಇದೇ ಕಾರಣಕ್ಕೆ. ಸೋಪಿನ ನೀರು ಹಾಕಿದ್ರೆ ಸಾಯತ್ತಲ್ಲ, ಅದು ವಿಷ ಅಂತಲ್ಲ, ಆ ತೂತುಗಳೊಳಗೆ ನೀರು ಹೊಕ್ಕು ಉಸಿರು ಕಟ್ಟಿ. ಹೃದಯ ಬೆನ್ನ ಕಡೆ, ಉದ್ದಕ್ಕೆ 13 ಕೋಣೆಯ ನಳಿಗೆ, ನರದ ಹುರಿ ಹೊಟ್ಟೆ ಕಡೆ, ನಮಗೆ ಪೂರ್ತಿ ಉಲ್ಟಾ.

ಎರೆಹುಳ ಇನ್ನೊಂದು ಥರ. ಮೂಗೂ ಇಲ್ಲ ತೂತೂ ಇಲ್ಲ, ಒದ್ದೆ ಚರ್ಮದಿಂದಾನೇ ಉಸಿರು, ರಕ್ತ ಮಾತ್ರ ನಮ್ಮ ಹಾಗೇ ಕೆಂಪು, ಹಿಮೋಗ್ಲೋಬಿನ್ ಇದೆ. ಮಳೆ ನಿಂತು ಬಿಸಿಲು ಬಂದಾಗ ರಸ್ತೆ ಮೇಲೆ ಸತ್ತು ಬಿದ್ದಿರ್ತವಲ್ಲ, ಚರ್ಮ ಒಣಗಿದ್ರೆ ಉಸಿರೇ ನಿಂತ ಹಾಗೆ. ನೋಡೋಕೆ ಅಂತ ಹಿಡಿದ್ರೆ ಕೈ ಒದ್ದೆ ಮಾಡ್ಕೊಂಡು ಹಿಡೀರಿ, ಎರಡು ನಿಮಿಷದಲ್ಲಿ ವಾಪಸ್ ಮಣ್ಣಿಗೆ ಬಿಡಿ.

ಜಿರಲೆ ವಿಷಯ ಏನಾಯ್ತು ಅಂದ್ರೆ, ತೂತು ಸರಿಯಾಗಿ ಕಾಣ್ಲಿ ಅಂತ ಲೋಟ ಒಂಚೂರು ಎತ್ತಿದೆ. ಫ್ರಿಜ್ ಕೆಳಗೆ ಹೋಗಿದೆ, ಅಕ್ಕ ಇವತ್ತಿಗೂ ಅಡುಗೆಮನೆಗೆ ಹೋಗೋ ಮೊದಲು ಲೈಟ್ ಹಾಕಿ ಒಂದು ನಿಮಿಷ ಬಾಗಿಲಲ್ಲೇ ನಿಲ್ತಾಳೆ.